ಜೇಡಿಮಣ್ಣು ರೂಪಿಸಿದ ಕುದುರೆ: ಸಫೋಕ್ ಪಂಚ್

ಕುದುರೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಓಟ. ನಮ್ಮ ದೇವಸ್ಥಾನಗಳ ಕಂಬದಲ್ಲಿ ಕೆತ್ತಿದ ಕುದುರೆ ಮುಂಗಾಲೆತ್ತಿ ನೆಗೆಯುತ್ತಿರುತ್ತದೆ. ಕುಣಿಗಲ್ ಎಂದರೆ ಟಿಪ್ಪುವಿನ ಅಶ್ವದಳ ನೆನಪಾಗುತ್ತದೆ, ಇಲ್ಲವೇ ರೇಸಿನ ಕುದುರೆಗಳು. ಪೇಟೆಯಲ್ಲಿ ಜಟಕಾ ಎಳೆದಿದೆ, ನಿಜ. ಆದರೆ ಹೊಲದ ಕೆಲಸವೆಲ್ಲ ಎತ್ತಿನದು. ಉಳುಮೆಗೆ ಕುದುರೆ ಕಟ್ಟುವುದು ನಮ್ಮ ರೂಢಿಯಲ್ಲಿ ಇರಲೇ ಇಲ್ಲ. ಹಾಗಾಗಿ ಓಡಲೆಂದಲ್ಲದೆ ಎಳೆಯಲೆಂದೇ ಬೆಳೆಸಿದ, ಒಂದು ಟನ್ನಿನ ಆಸುಪಾಸು ತೂಗುವ ಕುದುರೆಯನ್ನು ಕಲ್ಪಿಸಿಕೊಳ್ಳಲು ನಮಗೆ ತುಸು ಕಷ್ಟವಾಗುತ್ತದೆ. ಇವತ್ತು ನಾನು ಹೇಳಲು ಬಂದಿರುವುದು ಅಂಥ ಒಂದು ತಳಿಯ ಕಥೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಎಂಬ ಜಿಲ್ಲೆಯ ಈ ಕುದುರೆಯನ್ನು ಸಫೋಕ್ ಪಂಚ್ ಎನ್ನುತ್ತಾರೆ. ಈ ಪಂಚ್‌ಗೂ ಮುಷ್ಟಿಯ ಗುದ್ದಿಗೂ ಸಂಬಂಧವಿಲ್ಲ, ಗಿಡ್ಡಗೆ ದಪ್ಪಗೆ ಇರುವವರನ್ನು ಅಲ್ಲಿಯ ಹಳ್ಳಿಯವರು ಹಾಗೆ ಕರೆಯುತ್ತಿದ್ದರು.

ಶೈರ್, ಕ್ಲೈಡ್ಸ್‌ಡೇಲ್, ಪರ್ಶೆರಾನ್, ಬೆಲ್ಜಿಯನ್ ಎಂದು ಯುರೋಪಿನ ಭಾರಿ ಕುದುರೆಗಳು ಹಲವು ಇವೆ. ಅವುಗಳಲ್ಲಿ ಇದನ್ನೇ ಏಕೆ ಆರಿಸಿಕೊಂಡಿರಿ ಎಂದು ನೀವು ಕೇಳಬಹುದು. ಉಳಿದ ತಳಿಗಳು ಬಂಡಿ, ಸಾರೋಟು, ಬಿಯರ್ ಪೀಪಾಯಿಗಳ ಗಾಡಿ ಹೀಗೆ ಹತ್ತಾರು ಕೆಲಸಗಳ ನಡುವೆ ಬೆಳೆದವು. ಸಫೋಕ್ ಕುದುರೆ ಮಾತ್ರ ಬೇಸಾಯಕ್ಕೆಂದೇ ಹುಟ್ಟಿತು, ಬೇಸಾಯಗಾರರ ಕೈಯಲ್ಲೇ ಬೆಳೆಯಿತು. ಅದರ ಮೈಯ ಒಂದೊಂದು ಅಂಗವೂ ಆ ನೆಲದ ಒಂದೊಂದು ಬೇಡಿಕೆಗೆ ಕೊಟ್ಟ ಉತ್ತರ. ತಳಿ ಎಂಬುದು ಹೇಗೆ ಆಗುತ್ತದೆ ಎಂದು ತಿಳಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ನೆಲ ನೋಡೋಣ. ಸಫೋಕ್ ಮತ್ತು ಅದರ ಉತ್ತರಕ್ಕಿರುವ ನಾರ್ಫೋಕ್ ಸೇರಿದ ಪ್ರದೇಶಕ್ಕೆ ಈಸ್ಟ್ ಆಂಗ್ಲಿಯಾ ಎಂದು ಹೆಸರು. ಉತ್ತರಕ್ಕೂ ಪೂರ್ವಕ್ಕೂ ಸಮುದ್ರ, ಪಶ್ಚಿಮಕ್ಕೆ ಫೆನ್ಸ್ ಎಂಬ ಜೌಗು ಬಯಲು. ಆ ಜೌಗನ್ನು ಬಸಿದು ಒಣಗಿಸುವವರೆಗೂ ಈ ಭಾಗ ಇಂಗ್ಲೆಂಡಿನ ಉಳಿದೆಡೆಯಿಂದ ಒಂದಿಷ್ಟು ದೂರವೇ ಉಳಿದಿತ್ತು. ಕರಾವಳಿಯ ಅಂಚಿನಲ್ಲಿ ಮರಳು ನೆಲವಿದೆ. ಒಳನಾಡಿಗೆ ಹೋದರೆ ಹಿಮನದಿಗಳು ತಂದು ಸುರಿದ ಗಟ್ಟಿ ಜೇಡಿಮಣ್ಣು. ಮಳೆಗಾಲದ ಎರೆಭೂಮಿಯಲ್ಲಿ ನಡೆದವರಿಗೆ ಆ ಮಣ್ಣನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಿಗೆ ಹತ್ತಿದರೆ ಬಿಡುವುದಿಲ್ಲ, ಒಣಗಿದರೆ ನೇಗಿಲಿಗೆ ಬಗ್ಗುವುದಿಲ್ಲ.

ಈಗ ಕುದುರೆಯ ಕಾಲು ನೋಡಿ. ಶೈರ್ ಮತ್ತು ಕ್ಲೈಡ್ಸ್‌ಡೇಲ್ ಕುದುರೆಗಳ ಚಿತ್ರ ನೀವು ಕಂಡಿದ್ದರೆ, ಮೊಣಕಾಲಿನ ಕೆಳಗೆ ಗೊರಸನ್ನೇ ಮುಚ್ಚುವಷ್ಟು ಉದ್ದದ ರೋಮ ಇಳಿಬಿದ್ದಿರುತ್ತದೆ. ಮೆರವಣಿಗೆಯಲ್ಲಿ ಅದರ ಅಂದವೇ ಬೇರೆ. ಆದರೆ ಜೇಡಿಮಣ್ಣಿನ ಹೊಲದಲ್ಲಿ ಆ ರೋಮಕ್ಕೆ ಕೆಸರು ಹತ್ತಿ, ಒಣಗಿ, ಗಂಟುಗಟ್ಟಿ, ಒಳಗಿನ ಚರ್ಮ ಸದಾ ಒದ್ದೆಯಾಗಿದ್ದು ಹುಣ್ಣಾಗುತ್ತದೆ. ದಿನವೂ ಸಂಜೆ ನಾಲ್ಕು ಕಾಲನ್ನೂ ತೊಳೆದು ಒರೆಸುವ ಕೆಲಸ ಬೇರೆ. ಸಫೋಕ್ ಕುದುರೆಯ ಕಾಲಿನಲ್ಲಿ ಈ ಜೊಂಪೆ ಇಲ್ಲ. ಹಿಮ್ಮಡಿಯ ಹಿಂದೆ ನಾಲ್ಕು ಕೂದಲು ಇದ್ದರೆ ಇದ್ದವು, ಉಳಿದಂತೆ ಕಾಲು ನುಣ್ಣಗಿದೆ. ಇಲ್ಲಿರುವ ಪಶುವೈದ್ಯ ವಿದ್ಯಾರ್ಥಿಗಳು ಇನ್ನೊಂದು ವಿಷಯ ಗಮನಿಸಬೇಕು. ಶೈರ್, ಕ್ಲೈಡ್ಸ್‌ಡೇಲ್ ಮತ್ತು ಬೆಲ್ಜಿಯನ್ ತಳಿಗಳಲ್ಲಿ ದುಗ್ಧರಸದ ಹರಿವು ಕೆಟ್ಟು ಕೆಳಗಾಲು ವರ್ಷದಿಂದ ವರ್ಷಕ್ಕೆ ಊದಿಕೊಳ್ಳುವ, ಚರ್ಮ ಮಡಿಕೆ ಮಡಿಕೆಯಾಗಿ ದಪ್ಪವಾಗುವ ಕಾಯಿಲೆಯೊಂದಿದೆ. ಅದಕ್ಕೆ ಪೂರ್ತಿ ಗುಣ ಕಾಣಿಸುವ ಔಷಧವಿಲ್ಲ. ಉದ್ದ ರೋಮದ ಕಾಲುಗಳಲ್ಲಿ ಆ ಕಾಯಿಲೆಯನ್ನು ಹೊತ್ತಿಗೆ ಸರಿಯಾಗಿ ಗುರುತಿಸುವುದೇ ಕಷ್ಟ.

ಕಾಲಿನಿಂದ ಮೇಲಕ್ಕೆ ಬರೋಣ. ಎದೆ ಅಗಲ, ಹೆಗಲು ತಗ್ಗು, ಕಾಲು ಮೈಯ ಗಾತ್ರಕ್ಕೆ ಹೋಲಿಸಿದರೆ ಗಿಡ್ಡ, ಕೊರಳು ದಪ್ಪ. ಎಳೆಯುವ ಪ್ರಾಣಿಗೆ ಹೆಗಲು ತಗ್ಗಿನಲ್ಲಿರುವುದು ದೊಡ್ಡ ಅನುಕೂಲ. ಎತ್ತಿನ ನೊಗ ಹಿಣಿಲಿನ ಮುಂದೆ ಕೂರುತ್ತದೆ. ಕುದುರೆಗೆ ಹಿಣಿಲಿಲ್ಲ. ಹಳೆಯ ಕಾಲದಲ್ಲಿ ಕೊರಳಿಗೆ ಪಟ್ಟಿ ಕಟ್ಟಿ ಎಳೆಸಿದರೆ ಭಾರ ಹೆಚ್ಚಿದಂತೆ ಅದರ ಉಸಿರೇ ಕಟ್ಟುತ್ತಿತ್ತು. ಭಾರವನ್ನು ಕೊರಳಿನಿಂದ ಹೆಗಲಿನ ಮೂಳೆಗೆ ಇಳಿಸುವ, ಒಳಗೆ ಮೆತ್ತೆ ತುಂಬಿದ ಗಟ್ಟಿ ಕೊರಳಬಳೆ ಬಂದ ಮೇಲೆಯೇ ಯುರೋಪಿನಲ್ಲಿ ಕುದುರೆ ನೇಗಿಲಿಗೆ ಬಂದದ್ದು. ಈ ಕೊರಳಬಳೆ ಕೂರುವ ಜಾಗ ನೆಲಕ್ಕೆ ಹತ್ತಿರವಿದ್ದಷ್ಟೂ ಪ್ರಾಣಿ ತನ್ನ ಮೈಭಾರವನ್ನೆಲ್ಲ ಮುಂದಕ್ಕೆ ಚೆಲ್ಲಿ ಎಳೆಯಬಲ್ಲದು. ಸಫೋಕ್ ರೈತರು ಇದನ್ನು ಓದಿ ತಿಳಿದದ್ದಲ್ಲ, ನೇಗಿಲ ಹಿಂದೆ ನಡೆದು ಕಂಡುಕೊಂಡರು.

ಇನ್ನು ಹೊಟ್ಟೆ. ನನ್ನ ಲೆಕ್ಕದಲ್ಲಿ ಈ ತಳಿಯ ನಿಜವಾದ ಹಿರಿಮೆ ಇರುವುದು ಇಲ್ಲೇ. ಪಕ್ಕೆಲುಬು ಆಳವಾಗಿ, ದುಂಡಗೆ ಹಿಂದಿನವರೆಗೂ ಚಾಚಿಕೊಂಡಿರುತ್ತದೆ. ಬೆಳಗ್ಗೆ ತಿಂದ ಮೇವಿನ ಮೇಲೆ ಮಧ್ಯಾಹ್ನ ದಾಟುವವರೆಗೆ ನಿಲ್ಲಿಸದೆ ದುಡಿಯಬಲ್ಲ ಕುದುರೆ ಇದು. ಇಂಗ್ಲೆಂಡಿನ ಎಷ್ಟೋ ಕಡೆ ಮಧ್ಯಾಹ್ನ ಕುದುರೆಗಳನ್ನು ಬಿಚ್ಚಿ, ತಿನ್ನಿಸಿ, ಮತ್ತೆ ಹೂಡುತ್ತಿದ್ದರು. ಸಫೋಕ್‌ನಲ್ಲಿ ಬೆಳಗ್ಗೆ ಆರೂವರೆಗೆ ಹೂಡಿದರೆ ಮಧ್ಯಾಹ್ನ ಎರಡೂವರೆಗೆ ಬಿಚ್ಚುವುದು, ನಡುವೆ ಆಳುಗಳಿಗೊಂದು ಚಿಕ್ಕ ಬಿಡುವು, ಅಷ್ಟೇ. ತನ್ನ ಗಾತ್ರದ ಬೇರೆ ಕುದುರೆಗಳಿಗಿಂತ ಕಡಿಮೆ ಮೇವಿನಲ್ಲಿ ಮೈ ಉಳಿಸಿಕೊಳ್ಳುತ್ತದೆ, ಬೇಗ ಬಲಿಯುತ್ತದೆ, ಬಹುಕಾಲ ಬಾಳುತ್ತದೆ ಎಂಬ ಹೆಸರೂ ಇದಕ್ಕಿದೆ. ಬೇಸಾಯ ಮಾಡುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಇವತ್ತಿನ ಸಫೋಕ್ ಕುದುರೆ ಹೆಗಲಿನ ಮೇಲ್ತುದಿಯವರೆಗೆ ಅಳೆದರೆ ಸುಮಾರು ಐದು ಅಡಿ ಐದು ಅಂಗುಲದಿಂದ ಐದು ಅಡಿ ಹತ್ತು ಅಂಗುಲದವರೆಗೆ ಇರುತ್ತದೆ. ಹಿಂದೆ ಇದಕ್ಕಿಂತ ಗಿಡ್ಡ. ಇಲ್ಲಿ ಒಂದು ಜನಪ್ರಿಯ ನಂಬಿಕೆಯ ಬಗ್ಗೆ ಹೇಳಲೇಬೇಕು. ಭಾರಿ ಕುದುರೆಗಳೆಲ್ಲ ಮಧ್ಯಯುಗದ ಕವಚಧಾರಿ ಯೋಧರನ್ನು ಹೊತ್ತ ದೈತ್ಯ ಯುದ್ಧಾಶ್ವಗಳ ವಂಶದವು ಎಂದು ಎಲ್ಲೆಡೆ ಬರೆಯುತ್ತಾರೆ, ಸಿನಿಮಾಗಳಲ್ಲಿ ತೋರಿಸುತ್ತಾರೆ. 2021ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಮತ್ತು ಅವರ ಸಂಗಡಿಗರು ಇಂಗ್ಲೆಂಡಿನ 171 ಉತ್ಖನನ ಸ್ಥಳಗಳಲ್ಲಿ ಸಿಕ್ಕ ಸುಮಾರು 2,000 ಕುದುರೆ ಮೂಳೆಗಳನ್ನು ಅಳೆದು ನೋಡಿದರು. ಮಧ್ಯಯುಗದ ಬಹುಪಾಲು ಕುದುರೆಗಳು ನಾಲ್ಕು ಅಡಿ ಹತ್ತು ಅಂಗುಲಕ್ಕಿಂತ ಗಿಡ್ಡ, ಅಂದರೆ ಇವತ್ತು ನಾವು ತಟ್ಟು ಎನ್ನುವ ಗಾತ್ರದವು. ಭಾರಿ ಕುದುರೆ ಹಳೆಯ ರಣರಂಗದ ಕೊಡುಗೆ ಎಂಬ ಮಾತನ್ನು ಈ ಮೂಳೆಗಳು ಒಪ್ಪುವುದಿಲ್ಲ. ಅದನ್ನು ಬೆಳೆಸಿದ್ದು ಬಂಡಿ, ರಸ್ತೆ, ಕಾಲುವೆ, ಹೊಲ. ಅದೂ ಬಹುಮಟ್ಟಿಗೆ ಕಳೆದ ಮುನ್ನೂರು ವರ್ಷಗಳಲ್ಲಿ. ದುಡಿಮೆಯ ಮೂಲ ಹೇಳಿಕೊಳ್ಳಲು ಯಾವ ತಳಿಯೂ ನಾಚಬೇಕಾಗಿಲ್ಲ, ರಾಜವಂಶದ ಕಥೆ ಕಟ್ಟುವ ಅಗತ್ಯವೂ ಇಲ್ಲ.

16ನೇ ಶತಮಾನದ ಬರಹಗಳಲ್ಲೇ ಸಫೋಕ್ ಕುದುರೆಯ ಪ್ರಸ್ತಾಪವಿದೆ. ಆದರೆ ಇಂದಿನ ತಳಿಯ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಎಲ್ಲ ದಾರಿಗಳೂ ಒಂದೇ ಒಂದು ಗಂಡುಕುದುರೆಯ ಬಳಿ ಹೋಗಿ ನಿಲ್ಲುತ್ತವೆ. ಅದು ಹುಟ್ಟಿದ್ದು 1768ರಲ್ಲಿ. ವುಡ್‌ಬ್ರಿಜ್ ಎಂಬ ಪೇಟೆಯ ಹತ್ತಿರ ಅಫರ್ಡ್ ಎಂಬ ಹಳ್ಳಿಯಿದೆ, ಅಲ್ಲಿಯ ಥಾಮಸ್ ಕ್ರಿಸ್ಪ್ ಎಂಬಾತನ ಕುದುರೆ. ಅದಕ್ಕೆ ಸ್ವಂತ ಹೆಸರಿಲ್ಲ. ದಾಖಲೆಗಳಲ್ಲಿ ಇಂದಿಗೂ ಅದು ಅಫರ್ಡ್‌ನ ಕ್ರಿಸ್ಪ್‌ನ ಕುದುರೆ ಅಷ್ಟೇ. ಎತ್ತರ ಐದು ಅಡಿ ಎರಡು ಅಂಗುಲದ ಆಸುಪಾಸು, ಗಿಡ್ಡ ಕಾಲು, ಭಾರಿ ಮೈ, ಹೊಳೆಯುವ ಕೆಂಗಂದು ಬಣ್ಣ. 1773ರ ಜಾಹೀರಾತೊಂದರಲ್ಲಿ ಅದನ್ನು ಹೊಗಳಿದ್ದು ಸಾರೋಟಿಗೂ ರಸ್ತೆಗೂ ಒಳ್ಳೆಯ ಮರಿಗಳನ್ನು ಕೊಡುತ್ತದೆ ಎಂದು. ನೇಗಿಲಿನ ಮಾತೇ ಅದರಲ್ಲಿಲ್ಲ. ತನ್ನ ಕುದುರೆಯಿಂದ ಒಂದು ಇಡೀ ತಳಿ ಬರುತ್ತದೆಂದು ಆ ಮನುಷ್ಯನಿಗೆ ಹೇಗೆ ಗೊತ್ತಿದ್ದೀತು?

ಆ ಕಾಲದಲ್ಲಿ ಹೆಣ್ಣುಕುದುರೆಗಳನ್ನು ಗಂಡಿನ ಬಳಿ ಕರೆತರುತ್ತಿರಲಿಲ್ಲ. ಬೀಜದ ಕುದುರೆಯನ್ನೇ ಒಬ್ಬ ಆಳು ನಡೆಸಿಕೊಂಡು, ಋತು ಬಂದಾಗ ಊರಿಂದೂರಿಗೆ, ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಇಂಥ ದಿನ ಇಂಥ ಊರು ಎಂದು ಮೊದಲೇ ಸಾರಿರುತ್ತಿದ್ದರು. ಹೀಗೆ ಒಂದು ಒಳ್ಳೆಯ ಕುದುರೆಯ ರಕ್ತ ಒಂದು ಸೀಮೆಯಲ್ಲೆಲ್ಲ ಹರಡುತ್ತಿತ್ತು. ಬೇರೆ ಗಂಡು ಸಂತತಿಗಳೂ ಸಫೋಕ್‌ನಲ್ಲಿ ಇದ್ದವು, ಹೊರಗಿನ ರಕ್ತ ಬೆರೆಸಲೂ ನೋಡಿದರು. ಲಿಂಕನ್‌ಶೈರ್ ಕಡೆಯಿಂದ ಬಂದ ಒಂದು ಸಾಲು ಕೆಲವು ತಲೆಮಾರು ನಡೆಯಿತು. ಕೊನೆಗೆ ಅವೆಲ್ಲ ನಿಂತುಹೋಗಿ ಕ್ರಿಸ್ಪ್‌ನ ಕುದುರೆಯ ಸಾಲೊಂದೇ ಉಳಿಯಿತು. ಇವತ್ತು ಜಗತ್ತಿನಲ್ಲಿ ಎಲ್ಲೇ ಇರಲಿ, ಪ್ರತಿಯೊಂದು ಶುದ್ಧ ಸಫೋಕ್ ಕುದುರೆಯೂ ತಂದೆಯ ಕಡೆಯಿಂದ ಅದರ ಸಂತಾನ. ತಳಿಯ ಏಕರೂಪಕ್ಕೆ ಇದೇ ಕಾರಣ. ಅದರ ಆತಂಕಕ್ಕೂ ಇದೇ ಮೂಲ, ಅದನ್ನು ಆಮೇಲೆ ಹೇಳುತ್ತೇನೆ.

ಬಣ್ಣದ ಮಾತು ಬಂತು. ಸಫೋಕ್ ಕುದುರೆ ಕೆಂಗಂದು ಬಿಟ್ಟು ಬೇರೆ ಬಣ್ಣದಲ್ಲಿ ಇಲ್ಲವೇ ಇಲ್ಲ. ಬಿಳಿ ಎಂದರೆ ಸಾಮಾನ್ಯವಾಗಿ ಹಣೆಯ ಮೇಲೊಂದು ಚುಕ್ಕೆ, ಇಲ್ಲವೇ ಮುಖದ ಮೇಲೊಂದು ಸಣ್ಣ ಗೆರೆ. ಆ ಕೆಂಗಂದಿನಲ್ಲೇ ತಳಿಗಾರರು ಏಳು ಛಾಯೆ ಎಣಿಸುತ್ತಾರೆ. ಗಾಢ ಯಕೃತ್ತಿನ ಬಣ್ಣದಿಂದ ಹಿಡಿದು ಕೆಂಪು, ಹೊಂಬಣ್ಣ, ನಿಂಬೆಯ ಹಳದಿ ಹತ್ತಿದ ಕಂದಿನವರೆಗೆ. ಇಷ್ಟು ಕಟ್ಟುನಿಟ್ಟಾಗಿ ಒಂದೇ ಬಣ್ಣ ಹೇಗೆ ಉಳಿಯಿತು ಎಂದರೆ ಅದರ ಹಿಂದೆ ಸರಳವಾದ ಆನುವಂಶಿಕ ಕಾರಣವಿದೆ. ಕುದುರೆಯಲ್ಲಿ ಈ ಕೆಂಗಂದು ಅಡಗುವ ಗುಣ. ತಂದೆಯಿಂದಲೂ ತಾಯಿಯಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎರಡು ಕೆಂಗಂದು ಕುದುರೆಗಳಿಗೆ ಹುಟ್ಟುವ ಮರಿ ಯಾವಾಗಲೂ ಕೆಂಗಂದೇ. ಒಮ್ಮೆ ಹಿಂಡೆಲ್ಲ ಆ ಬಣ್ಣಕ್ಕೆ ಬಂತೆಂದರೆ ಹೊರಗಿನ ರಕ್ತ ಸೇರುವವರೆಗೆ ಕಪ್ಪು ಮರಿ ಹುಟ್ಟುವ ಮಾತೇ ಇಲ್ಲ. ಒಂದು ಕಪ್ಪು ಮರಿ ಹುಟ್ಟಿದರೆ ಎಲ್ಲೋ ಬೆರಕೆಯಾಗಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಮೆಂಡೆಲನ ನಿಯಮಗಳು ಗೊತ್ತಾಗುವ ಮೊದಲೇ ಆ ರೈತರ ಕೈಯಲ್ಲಿ ಇಂಥದೊಂದು ಸುಲಭದ ಪರೀಕ್ಷೆ ಇತ್ತು. ನಿಮ್ಮಲ್ಲಿ ಫುಟ್‌ಬಾಲ್ ನೋಡುವ ಹುಡುಗರು ಇಪ್ಸ್ವಿಚ್ ಟೌನ್ ತಂಡದ ಲಾಂಛನ ಕಂಡಿರಬಹುದು. ಚೆಂಡಿನ ಮೇಲೆ ಕಾಲಿಟ್ಟು ನಿಂತಿರುವ ಆ ಕುದುರೆ ಇದೇ ಸಫೋಕ್ ಪಂಚ್. ಇಪ್ಸ್ವಿಚ್ ಆ ಜಿಲ್ಲೆಯ ಮುಖ್ಯ ಪಟ್ಟಣ.

18ನೇ ಶತಮಾನದ ಸಫೋಕ್‌ನಲ್ಲಿ ಎಳೆಯುವ ಪಂದ್ಯಗಳು ನಡೆಯುತ್ತಿದ್ದವು. ಭಾರ ತುಂಬಿ, ಚಕ್ರಗಳು ಉರುಳದಂತೆ ತಡೆದ ಬಂಡಿಗೆ ಕುದುರೆ ಹೂಡಿ ಎಳೆಸುವುದು. ಬಂಡಿ ಅಲುಗಲಿ ಬಿಡಲಿ, ಇನ್ನೊಮ್ಮೆ ಕರೆದರೆ ಸಫೋಕ್ ಕುದುರೆ ಇನ್ನೊಮ್ಮೆ ಮುಂದಕ್ಕೆ ಬಾಗುತ್ತಿತ್ತು. ಮುಂಗಾಲು ಮಡಿಸಿ ಮಂಡಿಯೂರಿ ಎಳೆಯುವುದಕ್ಕೆ ಅದು ಹೆಸರಾಗಿತ್ತು. ಪ್ರಾಣಿಯ ಮೈಮೇಲೆ ಆದ ಹಿಂಸೆ ನೆನೆದರೆ ಆ ಆಟ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಬೀಜಕ್ಕೆ ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಆಯ್ಕೆಯಲ್ಲಿ ಮೈಯ ಬಲದ ಜೊತೆ ಮನಸ್ಸಿನ ಗುಣವೂ ಸೇರಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ಕದಲದ ಭಾರದ ಎದುರು ಎದೆಗುಂದುವ ಕುದುರೆ ಜೇಡಿಮಣ್ಣಿಗೆ ಪ್ರಯೋಜನವಿಲ್ಲ.

ಕುದುರೆಯಷ್ಟೇ ಮುಖ್ಯ ಅದರ ಆಳು. ಆ ಹಳ್ಳಿಗಳಲ್ಲಿ ಕುದುರೆಯಾಳುಗಳಿಗೆ ಒಂದು ಘನತೆ ಇತ್ತು. ಮುಖ್ಯ ಕುದುರೆಯಾಳು ಬೆಳಗಿನ ನಾಲ್ಕು ಗಂಟೆಗೆ ಎದ್ದು ಲಾಯಕ್ಕೆ ಬಂದು ಓಟ್ಸ್ ಮತ್ತು ಕತ್ತರಿಸಿದ ಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನಿಸುತ್ತಿದ್ದ. ಎರಡು ಗಂಟೆ ಮೊದಲೇ ತಿನ್ನಿಸಿದರೆ ತಾನೇ ಹೂಡುವ ಹೊತ್ತಿಗೆ ಮೇವು ಮೈಗೆ ಹತ್ತುವುದು? ಲಾಯದಿಂದ ಹೊರಡುವಾಗ ಅವನ ಜೋಡಿ ಮೊದಲು, ಎರಡನೆಯವನದು ಆಮೇಲೆ, ಹೀಗೆ ಸಾಲು. ಆ ಸಾಲನ್ನು ಯಾರೂ ಮೀರುವಂತಿರಲಿಲ್ಲ. ದಿನಕ್ಕೆ ಒಂದು ಎಕರೆ ಉಳುವುದು ಒಂದು ಜೋಡಿಯ ಪಾಲು. ಒಂಬತ್ತು ಅಂಗುಲದ ಸಾಲಿನಲ್ಲಿ ಒಂದು ಎಕರೆ ಉಳಲು ಎಷ್ಟು ನಡೆಯಬೇಕು ಗೊತ್ತೇ? 11 ಮೈಲಿ, ಅಂದರೆ ಸುಮಾರು 18 ಕಿಲೋಮೀಟರ್. ತಿರುವುಗಳ ಲೆಕ್ಕ ಬೇರೆ. ಕುದುರೆಯೂ ನಡೆಯಬೇಕು, ಹಿಂದೆ ಮನುಷ್ಯನೂ ನಡೆಯಬೇಕು, ಅದೂ ಜೇಡಿಮಣ್ಣಿನಲ್ಲಿ.

ಈ ಆಳುಗಳ ಗುಟ್ಟಿನ ವಿದ್ಯೆಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ, ವಿಷಯ ಸ್ವಲ್ಪ ಅತ್ತಿತ್ತ ಹೋದರೂ ಸರಿ. ಒಂದು ಬಗೆಯ ಕಪ್ಪೆಯನ್ನು ಇರುವೆ ಗೂಡಿನಲ್ಲಿ ಹೂತು, ಮಾಂಸವೆಲ್ಲ ಹೋದ ಮೇಲೆ ಮೂಳೆಗಳನ್ನು ಹುಣ್ಣಿಮೆಯ ನಡುರಾತ್ರಿ ಹರಿವ ನೀರಿಗೆ ಬಿಡುವುದು. ಪ್ರವಾಹದ ಎದುರು ತೇಲುವ ಮೂಳೆಯೊಂದು ಕೈಗೆ ಸಿಕ್ಕರೆ ಎಂಥ ಕುದುರೆಯೂ ಆ ಮನುಷ್ಯನ ಮಾತು ಕೇಳುತ್ತದೆ ಎಂದು ನಂಬಿಕೆ. 20ನೇ ಶತಮಾನದ ನಡುವಿನಲ್ಲಿ ಹಳ್ಳಿಯ ಹಿರಿಯರು ಹೇಳಿದ್ದನ್ನು ಸಂಗ್ರಾಹಕರು ಬರೆದಿಟ್ಟಿದ್ದಾರೆ. ಮೂಳೆಯ ಮಾತು ಹಾಗಿರಲಿ, ಅದರ ಜೊತೆಗಿದ್ದ ಇನ್ನೊಂದು ವಿದ್ಯೆ ನಿಜವಾದದ್ದು. ಕುದುರೆಯ ಮೂಗು ಬಹಳ ಸೂಕ್ಷ್ಮ. ಅದಕ್ಕೆ ಸಹಿಸಲಾಗದ ವಾಸನೆಯ ವಸ್ತುವನ್ನು ಬಾಗಿಲಿನ ಚೌಕಟ್ಟಿಗೆ ಸವರಿದರೆ ಕುದುರೆ ಹೊಸ್ತಿಲು ದಾಟುವುದಿಲ್ಲ, ಎಷ್ಟು ಎಳೆದರೂ ನಿಂತಲ್ಲೇ ನಿಲ್ಲುತ್ತದೆ. ರೋಸ್ಮರಿ, ದಾಲ್ಚಿನ್ನಿ, ಸೋಂಪಿನಂಥ ತೈಲಗಳನ್ನು ಅಂಗಿಗೆ ಹಚ್ಚಿಕೊಂಡರೆ ಹತ್ತಿರ ಬರುತ್ತದೆ. ನೋಡುವವರಿಗೆ ಮಂತ್ರ, ಬಲ್ಲವನಿಗೆ ಗಂಧ. ಇಷ್ಟು ಹತ್ತಿರದಿಂದ ಪ್ರಾಣಿಯನ್ನು ಅರಿತ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

ಈ ತಳಿಗೆ ಒಂದು ದೊಡ್ಡ ಕೊರತೆಯೂ ಇತ್ತು. ಗೊರಸು. ಮೆದು ಮಣ್ಣಿನಲ್ಲಿ ದುಡಿಯುವ ಕುದುರೆಯ ಗೊರಸನ್ನು ಯಾರು ಗಮನಿಸುತ್ತಾರೆ? ಕಲ್ಲು ಹಾಸಿದ ಪಟ್ಟಣದ ರಸ್ತೆಗೆ ಕೊಂಡೊಯ್ದಾಗ ಗೊರಸು ಸೀಳುತ್ತದೆ ಎಂಬ ದೂರು ಎದ್ದಿತು. ತಳಿಗಾರರು ದೂರನ್ನು ಅಲ್ಲಗಳೆಯಲಿಲ್ಲ. ಪ್ರದರ್ಶನಗಳಲ್ಲಿ ಒಳ್ಳೆಯ ಗೊರಸಿಗೆಂದೇ ಪ್ರತ್ಯೇಕ ಬಹುಮಾನ ಇಟ್ಟರು, ಕೆಟ್ಟ ಗೊರಸಿನವನ್ನು ಬೀಜಕ್ಕೆ ಬಿಡುವುದನ್ನು ಕಡಿಮೆ ಮಾಡಿದರು. ಕೆಲವು ತಲೆಮಾರುಗಳಲ್ಲಿ ಆ ದೂರು ಅಡಗಿತು. 1877ರಲ್ಲಿ ತಳಿಯ ಸಂಘ ಹುಟ್ಟಿತು. ಹರ್ಮನ್ ಬಿಡೆಲ್ ಎಂಬ ರೈತ ಹಳೆಯ ಜಾಹೀರಾತು, ಹಳ್ಳಿಯ ಹಿರಿಯರ ನೆನಪು, ಕೈಬರಹದ ಪಟ್ಟಿಗಳನ್ನು ಹುಡುಕಿ ಪೋಣಿಸಿ 1880ರಲ್ಲಿ ಮೊದಲ ವಂಶಾವಳಿ ಗ್ರಂಥ ಹೊರತಂದ. ಕ್ರಿಸ್ಪ್‌ನ ಕುದುರೆಯ ಬಗ್ಗೆ ನಾನು ಈಗ ಇಷ್ಟು ಮಾತನಾಡಲು ಸಾಧ್ಯವಾದದ್ದೇ ಆ ಮನುಷ್ಯನ ಶ್ರಮದಿಂದ.

ಆಮೇಲೆ ಯಂತ್ರ ಬಂತು. ಅದೂ ಹೊರಗಿನಿಂದ ಬಂದದ್ದಲ್ಲ. ಇಪ್ಸ್ವಿಚ್‌ನ ರಾಬರ್ಟ್ ರಾನ್ಸಮ್ 1803ರಲ್ಲಿ, ಉಳುತ್ತಾ ಹೋದಂತೆ ತಾನೇ ಹರಿತವಾಗುವ ಎರಕದ ಕಬ್ಬಿಣದ ಗುಳಕ್ಕೆ ಪೇಟೆಂಟ್ ಪಡೆದ. ಅದು ಕುದುರೆಗೆ ನೆರವಾಯಿತು. ಅದೇ ಜಿಲ್ಲೆಯ ಲೀಸ್ಟನ್ ಎಂಬ ಊರಿನಲ್ಲಿ ಗ್ಯಾರೆಟ್ ಕಾರ್ಖಾನೆ ಒಕ್ಕಣೆ ಯಂತ್ರ ಮತ್ತು ಉಗಿ ಎಂಜಿನ್‌ಗಳನ್ನು ತಯಾರಿಸಿತು. ಉಗಿಯ ಕಾಲವನ್ನು ಕುದುರೆ ದಾಟಿತು. ಒಂದನೇ ಮಹಾಯುದ್ಧದಲ್ಲಿ ಭಾರಿ ಕುದುರೆಗಳು ಫಿರಂಗಿ ಎಳೆಯಲು ಫ್ರಾನ್ಸಿಗೆ ಹೋದವು, ಬಹಳಷ್ಟು ಮರಳಲಿಲ್ಲ. ಆದರೂ ಹೊಲದಲ್ಲಿ ಅವುಗಳ ಜಾಗ ಹೋಗಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಬಂದ ಟ್ರ್ಯಾಕ್ಟರ್ ಮಾತ್ರ ಉಳಿಸಲಿಲ್ಲ. ದುಡಿಮೆಯೊಂದನ್ನೇ ನೆಚ್ಚಿಕೊಂಡ ತಳಿಗೆ ದುಡಿಮೆ ನಿಂತರೆ ಬೇರೆ ಆಸರೆ ಎಲ್ಲಿಯದು? ಶೈರ್ ಕುದುರೆಗೆ ಬಿಯರ್ ಕಂಪನಿಗಳ ಗಾಡಿಗಳಾದರೂ ಇದ್ದವು. ಸಫೋಕ್ ಕುದುರೆ ಹೊಲದಿಂದ ನೇರವಾಗಿ ಕಸಾಯಿಖಾನೆಗೆ ಹೋಯಿತು. 1966ರಲ್ಲಿ ಇಡೀ ಬ್ರಿಟನ್ನಿನಲ್ಲಿ ನೋಂದಣಿಯಾದ ಸಫೋಕ್ ಮರಿಗಳು ಕೇವಲ 9.

ಅಂಥ ಹೊತ್ತಿನಲ್ಲಿ ತಳಿಗೆ ಆಸರೆಯಾದ ಜಾಗಗಳಲ್ಲಿ ಒಂದು ಸೆರೆಮನೆ. ಸಫೋಕ್ ಕರಾವಳಿಯ ಹಾಲ್ಸ್ಲಿ ಬೇ ಎಂಬಲ್ಲಿ 1887ರಲ್ಲಿ, ವಸಾಹತುಗಳಿಗೆ ವಲಸೆ ಹೋಗುವ ಯುವಕರಿಗೆ ಬೇಸಾಯ ಕಲಿಸುವ ಕಾಲೇಜು ಶುರುವಾಗಿತ್ತು. ಆಮೇಲೆ ಅದು ನಿರುದ್ಯೋಗಿಗಳ ದುಡಿಮೆ ಶಿಬಿರವಾಯಿತು, 1938ರಲ್ಲಿ ತಪ್ಪು ಮಾಡಿದ ಹುಡುಗರ ಸುಧಾರಣಾಲಯವಾಯಿತು, ಮುಂದೆ ಸೆರೆಮನೆಯಾಯಿತು. ಮಾಲೀಕರು ಬದಲಾದರೂ ಅಲ್ಲಿಯ ಸಫೋಕ್ ಕುದುರೆಗಳ ಹಿಂಡು ಉಳಿಯಿತು. ಹಾದಿ ತಪ್ಪಿದ ಹುಡುಗರು ಬೆಳಗ್ಗೆ ಲಾಯ ಗುಡಿಸಿ, ಕುದುರೆಯ ಮೈ ಉಜ್ಜಿ, ಅದರ ಜೊತೆ ಹೊಲಕ್ಕೆ ಹೋಗುತ್ತಿದ್ದರು. ಸೌಮ್ಯ ಸ್ವಭಾವ ಎಂದು ತಳಿಯ ಗುಣ ವಿವರಿಸುವಾಗ ಬರೆಯುತ್ತಾರಲ್ಲ, ಅದರ ಬೆಲೆ ತಿಳಿಯುವುದು ಇಂಥಲ್ಲಿ. ಸೆರೆಮನೆ ಆ ಹಿಂಡನ್ನು ಕೈಬಿಡಲು ಹೊರಟಾಗ ಜನರಿಂದ ಹಣ ಕೂಡಿಸಿ ಸಫೋಕ್ ಪಂಚ್ ಟ್ರಸ್ಟ್ 2006ರಲ್ಲಿ ಅದನ್ನು ಕೊಂಡಿತು. ಇಂದಿಗೂ ಅಲ್ಲಿ ಮರಿಗಳು ಹುಟ್ಟುತ್ತಿವೆ.

ನಮ್ಮ ಉಪಖಂಡಕ್ಕೂ ಈ ಕುದುರೆಗೂ ನಂಟಿದೆ. ಪಾಕಿಸ್ತಾನದ ಸೇನೆಗೆ ಕುದುರೆ ಮತ್ತು ಹೇಸರಗತ್ತೆಗಳನ್ನು ಬೆಳೆಸಲು ಸಫೋಕ್ ಕುದುರೆಗಳನ್ನು ತರಿಸಿಕೊಂಡರು. ಅಷ್ಟು ಭಾರದ ಪ್ರಾಣಿ ಪಂಜಾಬಿನ ಬಿಸಿಲಿಗೆ ಹೊಂದಿಕೊಂಡಿತು. ಡೆನ್ಮಾರ್ಕಿನ ಜಟ್‌ಲ್ಯಾಂಡ್ ತಳಿಯಲ್ಲಿ, ರಷ್ಯಾದ ವ್ಲಾದಿಮಿರ್ ತಳಿಯಲ್ಲಿ ಇದರ ರಕ್ತವಿದೆ. ಇನ್ನು ನಮ್ಮ ನೆಲದಲ್ಲೇ ಹುಡುಕಿದರೆ ಇದಕ್ಕೆ ಸಮನಾದದ್ದು ಕುದುರೆಗಳಲ್ಲಿಲ್ಲ, ದನಗಳಲ್ಲಿದೆ. ಕೃಷ್ಣಾ ಕಣಿವೆ ತಳಿ ನಿಮಗೆ ಗೊತ್ತು. 19ನೇ ಶತಮಾನದಲ್ಲಿ ಸಾಂಗ್ಲಿ ಮೊದಲಾದ ಸಂಸ್ಥಾನಗಳ ಅರಸರು, ಕೃಷ್ಣೆಯ ದಡದ ಎರೆಮಣ್ಣನ್ನು ಉಳಬಲ್ಲ ಭಾರಿ ಎತ್ತು ಬೇಕೆಂದು ಗೀರ್, ಕಾಂಕ್ರೇಜ್, ಒಂಗೋಲ್ ರಕ್ತವನ್ನು ಸ್ಥಳೀಯ ದನಗಳಿಗೆ ಸೇರಿಸಿ ಬೆಳೆಸಿದರು. ಅಲ್ಲಿಯೂ ಅಂಟುಮಣ್ಣು, ಅಲ್ಲಿಯೂ ಟ್ರ್ಯಾಕ್ಟರ್. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಬಂದ ರೈತರು ಇಲ್ಲಿದ್ದರೆ ಆ ಎತ್ತಿನ ಈಗಿನ ಸ್ಥಿತಿ ಏನೆಂದು ನನಗಿಂತ ಚೆನ್ನಾಗಿ ಹೇಳಬಲ್ಲರು.

ಈಗ ಮೊದಲು ಹೇಳಿದ ಆತಂಕಕ್ಕೆ ಬರುತ್ತೇನೆ. ಬ್ರಿಟನ್ನಿನಲ್ಲಿ ಇವತ್ತು ಇರುವ ಸಫೋಕ್ ಕುದುರೆಗಳು 500ಕ್ಕೂ ಕಡಿಮೆ. 1973ರಲ್ಲಿ ಹುಟ್ಟಿದ ಅಲ್ಲಿಯ ಅಪರೂಪದ ತಳಿಗಳ ರಕ್ಷಣಾ ಸಂಸ್ಥೆ ಇದನ್ನು ಅತ್ಯಂತ ಅಪಾಯದಲ್ಲಿರುವ ತಳಿಗಳ ಜೊತೆ ಇಟ್ಟಿದೆ. ಮೊದಲೇ ಒಂದೇ ಗಂಡಿನಿಂದ ಬಂದ ಸಂತತಿ, ಆಮೇಲೆ 1960ರ ದಶಕದಲ್ಲಿ ಹುಟ್ಟುವ ಮರಿಗಳು ಬೆರಳೆಣಿಕೆಗೆ ಇಳಿದದ್ದು. ಹತ್ತಿರದ ಸಂಬಂಧದಲ್ಲೇ ಜೋಡಿ ಕೂಡಿಸಬೇಕಾದಾಗ ಗರ್ಭ ನಿಲ್ಲದಿರುವ ಸಮಸ್ಯೆ ಹೆಚ್ಚುತ್ತದೆ. ಹೆಣ್ಣುಕುದುರೆ ಹನ್ನೊಂದು ತಿಂಗಳು ಹೊತ್ತು ಹಡೆಯುವುದು ಒಂದು ಮರಿ. ಅದೂ ಗಂಡಾದರೆ ತಳಿಯ ಸಂಖ್ಯೆ ಬೆಳೆಯಲು ಅದರಿಂದ ಹೆಚ್ಚಿನ ನೆರವಿಲ್ಲ, ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕಾಗುತ್ತದೆ. ಆದ್ದರಿಂದ ಹೆಣ್ಣುಮರಿಗಳೇ ಹೆಚ್ಚು ಹುಟ್ಟಬೇಕು. ನಮ್ಮ ಹೈನುಗಾರರಿಗೆ ಲಿಂಗ ವಿಂಗಡಿಸಿದ ವೀರ್ಯ ಈಗ ಹೊಸದಲ್ಲ, ಹೆಣ್ಣು ಕರುವಿಗಾಗಿ ಅದನ್ನು ಬಳಸುತ್ತಿದ್ದೀರಿ. ಕುದುರೆಯಲ್ಲಿ ಇದು ಇನ್ನೂ ಕಷ್ಟದ ಕೆಲಸ. ರಕ್ಷಣಾ ಸಂಸ್ಥೆ ಮತ್ತು ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯ ಸೇರಿ ನಡೆಸಿದ ಪ್ರಯತ್ನದಲ್ಲಿ 2020ರಲ್ಲಿ ಮೊದಲ ಸಫೋಕ್ ಹೆಣ್ಣುಮರಿ ಹುಟ್ಟಿತು. ಅದಕ್ಕೆ ರೂಬಿ ಎಂದು ಹೆಸರಿಟ್ಟರು. ಟ್ರ್ಯಾಕ್ಟರ್ ಹೋಗಲಾಗದ ಕಾಡುಗಳಲ್ಲಿ ಕಡಿದ ದಿಮ್ಮಿಗಳನ್ನು ನೆಲಕ್ಕೆ ಗಾಯವಾಗದಂತೆ ಹೊರಗೆಳೆಯಲು ಕೆಲವರು ಈ ಕುದುರೆಗಳನ್ನು ಮತ್ತೆ ಹೂಡುತ್ತಿದ್ದಾರೆ. ಮೇವಿನ ಖರ್ಚನ್ನಾದರೂ ತಾನೇ ದುಡಿದುಕೊಳ್ಳುವ ಕುದುರೆಯನ್ನು ಸಾಕಲು ಜನ ಮುಂದೆ ಬರುತ್ತಾರೆ. ತಳಿಗಾರರು ಈಗ ಹುಡುಕುತ್ತಿರುವುದು ಇಂಥ ಕೆಲಸಗಳನ್ನೇ.